ಹಾಲವಾಣದ ಸೊಪ್ಪು ತರುತ್ತಿದ್ದವರು

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಯಾವುದೋ ಕಾಲದಲ್ಲಿ ಜೀಪಿನ ಬಾನೆಟ್ ಬಿದ್ದು ಆದದ್ದಂತೆ. ಎಷ್ಟು ಸೋಪು ತಿಕ್ಕಿದರೂ ಹೋಗದ ಗ್ರೀಸಿನ ಕಪ್ಪು ಗೆರೆಯೊಂದು ಆ ಸೀಳಿನೊಳಗೆ ಕೂತಿತ್ತು. ಹಾಲವಾಣದ ಎಲೆಯ ದಪ್ಪ ತೊಟ್ಟನ್ನು ಅದಕ್ಕೆ ಸಿಕ್ಕಿಸಿ, ಒಂದೇ ಎಳೆತಕ್ಕೆ ಉದ್ದುದ್ದ ಬಗೆದು, ಮೊಲದ ಬಾಯಿಗೆ ಹಿಡಿಯುತ್ತಿದ್ದರು. ಹಾಗೆ ಬಗೆದು ಕೊಟ್ಟರೆ ಮರಿಗಳಿಗೂ ಅಗಿಯಲು ಸುಲಭ ಎನ್ನುವುದು ಅವರ ವಾದ.

ಬಲಗೈಯೋ ಎಡಗೈಯೋ? ಬರೆದ ಮೇಲೆ ಅನುಮಾನ ಬಂತು. ನನ್ನ ಬಳಿ ಅವರದೊಂದೇ ಫೋಟೋ ಇದೆ. ಅದರಲ್ಲಿ ಬಿಳಿ ಮೊಲವೊಂದನ್ನು ಎದೆಗವಚಿಕೊಂಡು ನಿಂತಿದ್ದಾರೆ. ಎರಡೂ ಹೆಬ್ಬೆರಳು ಮೊಲದ ತುಪ್ಪಳದೊಳಗೆ ಹುದುಗಿವೆ. ಅವರ ಜೀಪಿನಲ್ಲಿ ಸುತ್ತಿದ ಎರಡು ವರ್ಷದ ನನ್ನ ದಿನಚರಿಗಳನ್ನು ತೆಗೆದು ನೋಡಿದೆ. ಓಡಿದ ಕಿಲೋಮೀಟರು, ಬಂದ ಮಳೆ, ಸ್ಯಾಂಪಲ್ಲಿನ ಸಂಖ್ಯೆ ಎಲ್ಲ ಇದೆ, ಉಗುರಿಲ್ಲ. ಹಾಗಾಗಿ ಇಲ್ಲಿ ಬರೆಯುವುದರಲ್ಲಿ ಅರ್ಧ ದಿನಚರಿಯದು, ಅರ್ಧ ನನ್ನ ನೆನಪಿನದು. ಎರಡೂ ಜಗಳಕ್ಕೆ ನಿಂತ ಕಡೆ ಹಾಗೆಂದು ಹೇಳುತ್ತೇನೆ.

ಮೂಡಿಗೆರೆಯ ಜೀಪ್ ಸ್ಟ್ಯಾಂಡಿನಲ್ಲಿ ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ಹತ್ತಿರ ಹತ್ತಿರ ನಲವತ್ತು ವರ್ಷ ಎಸ್ಟೇಟುಗಳಿಗೆ ಆಳುಗಳನ್ನು, ಗೊಬ್ಬರವನ್ನು, ಒಮ್ಮೊಮ್ಮೆ ಹೆರಿಗೆ ನೋವಿನ ಹೆಂಗಸರನ್ನು ಸಾಗಿಸಿದವರು. ನನಗೆ ಪರಿಚಯವಾಗುವ ಹೊತ್ತಿಗೆ ಅರವತ್ತು ದಾಟಿತ್ತು. ಮನೆಯ ಹಿಂದೆ ತಗಡಿನ ಶೆಡ್ ಹಾಕಿ ಇಪ್ಪತ್ತು ಇಪ್ಪತ್ತೈದು ಮೊಲ ಸಾಕಿದ್ದರು. ನಾನು ಅವರನ್ನು ಹುಡುಕಿಕೊಂಡು ಹೋದದ್ದು ಮೊಲಕ್ಕಾಗಿ. ಜೀಪು ಬಂದದ್ದು ಆಮೇಲೆ. ಗುಡ್ಡದ ಮೇಲೆ ಮೊಲ ಸಾಕುವ ಮನೆಗಳೆಲ್ಲ ಅವರಿಗೆ ಗೊತ್ತಿದ್ದವು. ಮೂಡಿಗೆರೆ, ಕೊಟ್ಟಿಗೆಹಾರ, ಬಾಳೆಹೊಳೆ, ಕಳಸ, ಆ ಕಡೆ ಅತ್ತಿಗುಂಡಿ. ಬಸ್ಸಿನಲ್ಲಿ ಸುತ್ತಿದರೆ ನಿಮ್ಮ ಕಾಲೇಜು ಮುಗಿಯುವುದಿಲ್ಲ ಎಂದು ತಾವೇ ಜೀಪು ಹೊರಡಿಸಿದರು.

ನಾನು ಹುಡುಕುತ್ತಿದ್ದದ್ದು ಒಂದು ವೈರಸ್ಸನ್ನು. ಮೊಲದ ಕರುಳಿನಲ್ಲಿ ಅದು ವಾಸ ಮಾಡುತ್ತದೆ. ಅದರ ಹತ್ತಿರದ ದಾಯಾದಿಯೊಂದು ಎರಡು ಮೂರು ದಿನದಲ್ಲಿ ಮೊಲವನ್ನು ಕೊಲ್ಲುವಂಥದ್ದು. ಇದು ಮಾತ್ರ ಏನೂ ಮಾಡುವುದಿಲ್ಲ. ಮೊಲ ತಿನ್ನುತ್ತದೆ, ಮರಿ ಹಾಕುತ್ತದೆ, ಒಳಗೊಂದು ವೈರಸ್ ಇದೆ ಎನ್ನುವುದು ಅದಕ್ಕೂ ತಿಳಿಯದು, ಸಾಕಿದವರಿಗೂ ತಿಳಿಯದು. ಹಿಕ್ಕೆಯ ಜೊತೆ ಹೊರಬಿದ್ದು, ಮೇವಿನ ಜೊತೆ ಇನ್ನೊಂದು ಮೊಲದ ಬಾಯಿ ಸೇರುತ್ತದೆ. ಹೀಗೆ ದಾಟುತ್ತಾ ತನ್ನನ್ನು ತಾನೇ ನಕಲು ಮಾಡಿಕೊಳ್ಳುವಾಗ ಅಲ್ಲಲ್ಲಿ ಒಂದೊಂದು ಅಕ್ಷರ ತಪ್ಪುತ್ತದೆ. ತಪ್ಪುಗಳು ಕೂಡುತ್ತಾ ಹೋಗುತ್ತವೆ. ಅವನ್ನು ಓದಿದರೆ ಯಾವ ಗುಡ್ಡದ ವೈರಸ್ ಯಾವ ಗುಡ್ಡದ್ದಕ್ಕೆ ಎಷ್ಟು ಹತ್ತಿರ ಎಂದು ಹೇಳಬಹುದು. ನಡುವೆ ಘಾಟಿ, ಕಾಡು, ಹೊಳೆ ಇರುವ ಈ ಊರುಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಬಗೆ ಇದ್ದೀತು ಎನ್ನುವುದು ನನ್ನ ಊಹೆ. ಪಿಎಚ್‌ಡಿ ಎಂದರೆ ಇಷ್ಟೇ: ಮನೆಮನೆಗೆ ಹೋಗಿ ಹಿಕ್ಕೆ ಹೆಕ್ಕುವುದು, ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸಿನ ಮೇಲಿಟ್ಟು ಪ್ರಯೋಗಾಲಯಕ್ಕೆ ಮುಟ್ಟಿಸುವುದು.

ಆ ಪೆಟ್ಟಿಗೆಯಿಂದ ಆದ ತಮಾಷೆ ಒಂದೆರಡಲ್ಲ. ಕೊಟ್ಟಿಗೆಹಾರದಲ್ಲಿ ಚಹಾಕ್ಕೆ ನಿಂತಾಗ ಒಬ್ಬರು ಜೀಪಿನ ಹಿಂದಕ್ಕೆ ಬಗ್ಗಿ ನೋಡಿ, ಬಂಗುಡೆ ಮೀನು ಇದೆಯಾ, ಎಷ್ಟು ಎಂದು ಕೇಳಿದರು. ಕಾಕಾ ಗ್ಲಾಸಿನಿಂದ ತಲೆ ಎತ್ತದೆ, "ಇದೆ. ಆದ್ರೆ ನಿಮ್ಗೆ ರುಚಿ ಹತ್ತಲ್ಲ" ಎಂದರು.

ಅವರ ದೊಡ್ಡ ಪ್ರಶ್ನೆ ಮೊದಲ ವಾರವೇ ಬಂದಿತ್ತು. ಆಗಿನ್ನೂ ನಾನು ಅವರಿಗೆ ಮೇಡಂ.

"ಅದು ಏನೂ ಮಾಡಲ್ಲ ಅಂತೀರಿ. ಏನೂ ಮಾಡದೇ ಇರೋದನ್ನ ಹುಡುಕೋಕೆ ಇಷ್ಟು ಡೀಸೆಲ್ ಸುಡ್ಬೇಕಾ ಮೇಡಂ?"

ನಾನು ಏನೇನೋ ಹೇಳಿದೆ. ನಿರುಪದ್ರವಿಗಳನ್ನು ತಿಳಿದರೆ ಅಪಾಯದವು ಎಲ್ಲಿಂದ ಹುಟ್ಟುತ್ತವೆ ಎಂದು ತಿಳಿಯಬಹುದು, ಇವು ಒಳಗಿದ್ದರೆ ಮೊಲಕ್ಕೆ ಒಂದಿಷ್ಟು ರಕ್ಷಣೆಯೂ ಸಿಗಬಹುದು, ಹೀಗೆ. ಅವರು ಗೇರ್ ಬದಲಿಸಿ ಸ್ವಲ್ಪ ದೂರ ಹೋದ ಮೇಲೆ, "ನಮ್ಮ ಸ್ಟ್ಯಾಂಡಲ್ಲೂ ಇದ್ದಾರೆ ಅಂಥೋರು ನಾಲ್ಕು ಜನ. ಏನೂ ಮಾಡಲ್ಲ. ಅವ್ರನ್ನೂ ಯಾರಾದ್ರೂ ಹುಡುಕ್ಕೊಂಡು ಬಂದ್ರೆ ಒಳ್ಳೇದಿತ್ತು" ಎಂದರು. ಆ ತಿಂಗಳು ಮುಗಿಯುವುದರೊಳಗೆ ಮೇಡಂ ಹೋಗಿ ಮಾರಾಯ್ತಿ ಆಗಿದ್ದೆ.

ಅವರದೊಂದು ನಿಯಮ ಇತ್ತು. ಸಾಕುಪ್ರಾಣಿ ಇರುವ ಮನೆಗೆ ಬರಿಗೈಯಲ್ಲಿ ಹೋಗಬಾರದು. "ಮನುಷ್ಯರಾದ್ರೆ ಕೂತ್ಕೊಳ್ಳಿ, ಚಾ ಕುಡೀರಿ ಅಂತಾರೆ. ಪ್ರಾಣಿ ಎಂತ ಹೇಳ್ತದೆ? ಮೊದ್ಲು ನಿನ್ನ ಕೈ ನೋಡ್ತದೆ." ಹೊರಡುವ ದಿನ ಬೆಳಿಗ್ಗೆ ಮನೆ ಪಕ್ಕದ ಮರದಿಂದ ಹಾಲವಾಣದ ಸೊಪ್ಪು ಕಡಿದು, ಬಾಳೆನಾರಿನಲ್ಲಿ ಕಟ್ಟು ಕಟ್ಟಿ, ಜೀಪು ಹೊರಡುವವರೆಗೆ ಬಾಡದಿರಲಿ ಎಂದು ಶೆಡ್ಡಿನ ತಂಪು ನೆಲದ ಮೇಲೆ ಇಡುತ್ತಿದ್ದರು. ಮನೆಗೊಂದು ಕಟ್ಟು. ಒಂದು ಕಟ್ಟು ಹೆಚ್ಚಿಗೆ, ದಾರಿಯಲ್ಲಿ ಯಾರ ಆಡು ಎದುರಾದರೂ ಇರಲಿ ಎಂದು.

ನಾನು ಪ್ರತಿ ಮನೆಯಲ್ಲೂ ಹೊಸ ಗ್ಲೌಸ್ ಹಾಕುತ್ತಿದ್ದೆ. ಬೂಟಿಗೆ ಪ್ಲಾಸ್ಟಿಕ್ ಚೀಲ ಕಟ್ಟುತ್ತಿದ್ದೆ. ಒಂದು ಮನೆಯ ವೈರಸ್ ಇನ್ನೊಂದು ಮನೆಗೆ ನನ್ನಿಂದ ಹೋಗಬಾರದಲ್ಲ. ಕಳಸದಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿದ್ದರು. ಶಾಲೆಯ ಗದ್ದಲ ನಿಂತ ಮೇಲೆ ಮನೆ ತೀರಾ ಮೌನ ಎಂದು ಮೊಲ ಸಾಕಿದವರು. ಊರಿಗೆಲ್ಲ ಟೀಚರಮ್ಮ. ನಮ್ಮ ಜೀಪು ಗೇಟಿಗೆ ಬಂದರೆ ಅವರು ಒಳಗೆ ಕೇಳುವಂತೆ ಸಾರುತ್ತಿದ್ದರು: "ಸೊಪ್ಪು ಹಂಚೋರೂ ಬಂದ್ರು, ಹಿಕ್ಕೆ ಹೆಕ್ಕೋರೂ ಬಂದ್ರು. ಒಬ್ರು ಕೊಡೋದು, ಒಬ್ರು ತಗೊಂಡು ಹೋಗೋದು. ಲೆಕ್ಕ ಸರಿಯಾಯ್ತು." ನಾನು ಚೀಲ ಕಟ್ಟಿದ ಬೂಟಿನಲ್ಲಿ ಜಾರುತ್ತಾ ಹಿಕ್ಕೆ ಹೆಕ್ಕುವಾಗ ಕಾಕಾ ಪಕ್ಕದ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು ತೊಟ್ಟು ಸೀಳುತ್ತಿದ್ದರು.

ಆರು ತಿಂಗಳ ಅಂತರದಲ್ಲಿ ಎರಡು ಸುತ್ತು ಸಂಗ್ರಹಿಸಿದೆವು. ಮೊದಲ ಸುತ್ತಿನ ಫಲಿತಾಂಶ ನನ್ನ ಊಹೆಯಂತೆಯೇ ಇತ್ತು. ಕಳಸದ್ದು ಕಳಸದ ಬಗೆ, ಬಾಳೆಹೊಳೆಯದು ಇನ್ನೊಂದು, ಅತ್ತಿಗುಂಡಿಯದು ಎಲ್ಲಕ್ಕಿಂತ ದೂರದ್ದು. ಎರಡನೇ ಸುತ್ತಿನಲ್ಲಿ ಎಲ್ಲ ಕಲಸಿಹೋಯಿತು. ಮೂಡಿಗೆರೆಯ ಒಂದೇ ಬಗೆ, ಕಾಕಾ ಅವರ ಶೆಡ್ಡಿನಲ್ಲಿ ಸಿಕ್ಕಿದ್ದು, ಕೊಟ್ಟಿಗೆಹಾರದಲ್ಲೂ ಬಾಳೆಹೊಳೆಯಲ್ಲೂ ಕಳಸದಲ್ಲೂ ಇತ್ತು. ಆರು ತಿಂಗಳಲ್ಲಿ ಅಷ್ಟು ಘಾಟಿಗಳನ್ನು ಅದು ಹೇಗೆ ದಾಟಿತು? ನನ್ನ ಮಾರ್ಗದರ್ಶಕರು ಸ್ಯಾಂಪಲ್ ಬೆರೆಸಿದ್ದೀಯ ಎಂದರು. ಎಲ್ಲವನ್ನೂ ಮತ್ತೆ ಮಾಡಿದೆ. ಅದೇ ಬಂತು. ಮೂರನೇ ಸಲ ಮಾಡಿದೆ. ನಿದ್ದೆ ಕೆಟ್ಟಿತು. ಎರಡು ವರ್ಷದ ಕೆಲಸ ಮಣ್ಣುಪಾಲು ಎನ್ನುವ ಹೆದರಿಕೆ ಊಟದ ತಟ್ಟೆಯವರೆಗೂ ಬರುತ್ತಿತ್ತು.

ಕೊನೆಗೆ ಅತ್ತಿಗುಂಡಿ ದಾರಿ ತೋರಿಸಿತು. ಅಲ್ಲಿ ಮಾತ್ರ ಎರಡನೇ ಸುತ್ತಿನಲ್ಲೂ ಅತ್ತಿಗುಂಡಿಯದೇ ಬಗೆ. ಯಾಕೆ ಎಂದು ದಿನಚರಿ ತಿರುವಿದೆ. ಮೊದಲ ಸುತ್ತಿನ ಅತ್ತಿಗುಂಡಿಯ ಪುಟದಲ್ಲಿ ಒಂದು ಸಾಲು: "ಜೀಪಿನ ಗೇರ್‌ಬಾಕ್ಸ್ ಬಿಚ್ಚಿದ್ದಾರೆ. ಚಿಕ್ಕಮಗಳೂರಿನಿಂದ ಬಸ್ಸಿನಲ್ಲಿ ಒಬ್ಬಳೇ." ಹಿಂದಿನ ಪುಟ ತಿರುವಿದರೆ ಕಳಸದ ದಿನ, ಸ್ಯಾಂಪಲ್ ಸಂಖ್ಯೆಗಳ ಕೆಳಗೆ, ಏನೋ ಸುಮ್ಮನೆ ಗೀಚಿದಂತೆ: "ಕಾಕಾ ಸೊಪ್ಪು ಕೊಟ್ಟರು. ಮೊಲಗಳಿಗೆ ಖುಷಿ."

ಪ್ರತಿ ಮನೆಯಲ್ಲೂ ಕೊಟ್ಟಿದ್ದರು ಎಂದು ನನ್ನ ನೆನಪು. ದಿನಚರಿಯಲ್ಲಿ ಇರುವುದು ಅದೊಂದೇ ಸಲ. ಹೇಗಿದ್ದರೂ ಅಷ್ಟು ಸಾಕಾಗಿತ್ತು. ಆ ಸೊಪ್ಪು ಇರುತ್ತಿದ್ದ ತಂಪು ನೆಲ ಯಾವುದು? ಗೂಡುಗಳ ಅಡಿ. ಮೇಲಿನ ತಂತಿಜಾಲರಿಯಿಂದ ಹಿಕ್ಕೆ ಉದುರುವ ಜಾಗ. ಅದನ್ನು ನಾನು ಎಷ್ಟು ಸಲ ನೋಡಿಲ್ಲ! ಮೇವಿನ ಮೂಲಕ ಹರಡುತ್ತದೆ ಎಂದು ನನ್ನ ಪ್ರಬಂಧದ ಮೊದಲ ಅಧ್ಯಾಯದಲ್ಲಿ ನಾನೇ ಬರೆದಿದ್ದೆ. ಬರೆದವಳು ಗ್ಲೌಸ್ ಬದಲಿಸುತ್ತಾ ಕೂತಿದ್ದಳು. ಮೇವು ಅವಳ ಜೊತೆಗೇ, ಅವಳ ಜೀಪಿನಲ್ಲೇ, ಘಾಟಿ ಹತ್ತಿ ಇಳಿಯುತ್ತಿತ್ತು.

ಮಾರ್ಗದರ್ಶಕರು ಎರಡನೇ ಸುತ್ತನ್ನೇ ಬಿಟ್ಟುಬಿಡು ಎಂದರು. ಬಿಡಲಾಗಲಿಲ್ಲ. ಹರಡಿದ್ದು ಹೇಗೆ ಎನ್ನುವುದಕ್ಕೆ ಅದಕ್ಕಿಂತ ಸ್ಪಷ್ಟವಾದ ಸಾಕ್ಷಿ ನನಗೆ ಸಿಗುತ್ತಿರಲಿಲ್ಲ. ಆದರೆ ಬರೆಯುವ ಮೊದಲು ಕಾಕಾ ಅವರಿಗೆ ಹೇಳಬೇಕಿತ್ತು. ನಿಜವಾಗಿ ಹೇಳಬೇಕಿತ್ತೇ? ಹೇಳದೆಯೂ ಬರೆಯಬಹುದಿತ್ತು. ಅವರು ಅದನ್ನು ಓದುವವರಲ್ಲ. ಪ್ರಾಮಾಣಿಕತೆ ಎಂದುಕೊಂಡು ಹೋದೆ. ಈಗ ಕೇಳಿಕೊಂಡರೆ, ಸರಿಯಾದ ಉತ್ತರ ಸಿಕ್ಕ ಸಂತೋಷವನ್ನು ಯಾರಿಗಾದರೂ ಹೇಳುವ ಅವಸರವೂ ಇತ್ತು.

ಮಧ್ಯಾಹ್ನ. ಅವರು ಶೆಡ್ಡಿನಲ್ಲಿ ನೀರಿನ ಬಟ್ಟಲು ತೊಳೆಯುತ್ತಿದ್ದರು. ನಾನು ಬಣ್ಣದಲ್ಲಿ ಅಚ್ಚು ಹಾಕಿಸಿದ್ದ ವೈರಸ್ಸಿನ ವಂಶವೃಕ್ಷವನ್ನು ಮೇವಿನ ಡ್ರಮ್ಮಿನ ಮೇಲೆ ಹರಡಿದೆ. ಕೊಂಬೆಗಳು, ಕೊಂಬೆಗೆ ರೆಂಬೆಗಳು, ತುದಿಯಲ್ಲಿ ಊರಿನ ಹೆಸರು. ಕೈ ಒರೆಸಿಕೊಂಡು ಬಗ್ಗಿದರು.

"ನಮ್ಮದು ಯಾವ ಬಣ್ಣ?"

"ಕೆಂಪು."

ಸೀಳಿದ ಉಗುರು ಕಾಗದದ ಮೇಲೆ ಮೆಲ್ಲಗೆ ಓಡಿತು. ಇದು ಎಂತ ಊರು, ಇದು? ನಾನು ಓದಿ ಹೇಳುತ್ತಾ ಹೋದೆ. ಕೊಟ್ಟಿಗೆಹಾರ ಕೆಂಪು. ಬಾಳೆಹೊಳೆ ಕೆಂಪು. ಕಳಸ ಕೆಂಪು. ಅತ್ತಿಗುಂಡಿಯ ನೀಲಿಯ ಮೇಲೆ ಬೆರಳು ನಿಂತಿತು. ಅಲ್ಲಿಗೆ ನಾವು ಜೀಪಲ್ಲಿ ಹೋಗಿರಲಿಲ್ಲ ಎಂದೆ. ಸೊಪ್ಪಿನ ಮಾತನ್ನು ನಾನು ಎತ್ತಬೇಕಾಗಲಿಲ್ಲ. ಅವರು ತಲೆ ತಿರುಗಿಸಿ ಗೂಡಿನ ಅಡಿ ನೋಡಿದರು. ಅಲ್ಲಿ ಆ ದಿನದ ಕಟ್ಟು ಇತ್ತು.

"ಹಾಗಾದ್ರೆ ಹಂಚಿದ್ದು ನಾನು."

ಅದು ಏನೂ ಮಾಡುವುದಿಲ್ಲ ಎಂದೆ. ಒಂದು ಮೊಲಕ್ಕೂ ತೊಂದರೆ ಆಗಿಲ್ಲ, ಆಗುವುದೂ ಇಲ್ಲ ಎಂದೆ. ಎರಡೆರಡು ಸಲ ಹೇಳಿರಬೇಕು.

"ಅದು ನಿನ್ಗೆ ಗೊತ್ತಿತ್ತು. ನನ್ ಕೈಗೆ ಗೊತ್ತಿತ್ತಾ?" ಬೆರಳನ್ನು ಕಾಗದದಿಂದ ಎತ್ತಿಕೊಂಡರು. "ಈ ಸಲ ಏನೂ ಮಾಡದೇ ಇರೋದು ಹೋಯ್ತು ಮಾರಾಯ್ತಿ. ಕೊಲ್ಲೋದಾಗಿದ್ರೂ ಇದೇ ಸೊಪ್ಪಲ್ಲಿ, ಇದೇ ಕೈಯಲ್ಲಿ ಹೋಗ್ತಿತ್ತಲ್ಲ."

ಅವರು ಹೇಳಿದ್ದು ಸರಿಯಾಗಿತ್ತು. ನನ್ನ ಪ್ರಬಂಧದ ಕೊನೆಯ ಅಧ್ಯಾಯದ ತಿರುಳು ಅದೇ ಮಾತು. ನಾನು ಅದನ್ನು ಹದಿನಾಲ್ಕು ಪುಟದಲ್ಲಿ ಹೇಳಿದ್ದೇನೆ.

ಆ ದಿನದ ದಿನಚರಿಯಲ್ಲಿ ಹೀಗಿದೆ: "ಕಾಕಾಗೆ ಹೇಳಿದೆ. ನಕ್ಕರು. ಚಹಾ ಕುಡಿದೆವು." ಚಹಾ ಕುಡಿದದ್ದು ಖಂಡಿತ. ಅವರ ಹೆಂಡತಿ ಏಲಕ್ಕಿ ಹಾಕಿ ತಂದಿದ್ದರು. ನಕ್ಕದ್ದು ನನಗೆ ನೆನಪಿಲ್ಲ. ಎಷ್ಟು ಸಲ ಆ ಶೆಡ್ಡನ್ನು ಮನಸ್ಸಿನಲ್ಲಿ ಹೊಕ್ಕರೂ ಅವರು ನಗುವುದಿಲ್ಲ. ಕಾಗದವನ್ನು ಸರಿಯಾಗಿ ಮಡಿಸಿ ನನ್ನ ಕೈಗೆ ಕೊಡುತ್ತಾರೆ, ಬರೆಯುವಾಗ ನನ್ನ ಹೆಸರು ಹಾಕಬೇಡ ಎನ್ನುತ್ತಾರೆ. ಹಾಗಾದರೆ ನಕ್ಕರು ಎಂದು ಯಾಕೆ ಬರೆದೆ? ಅವರು ನಿಜಕ್ಕೂ ನಕ್ಕು, ಆಮೇಲೆ ನಡೆದದ್ದು ನನ್ನ ನೆನಪಿನಿಂದ ಆ ನಗುವನ್ನು ಅಳಿಸಿತೇ? ಇಲ್ಲವೇ, ಅದೇ ಸಂಜೆಗೇ ನನಗೊಂದು ಸುಳ್ಳು ಬೇಕಾಗಿತ್ತೇ?

ಆಮೇಲೆ ನಡೆದದ್ದು ಇಷ್ಟು. ಮುಂದಿನ ತಿಂಗಳು ಕೊನೆಯ ಸ್ಯಾಂಪಲ್ಲಿಗೆಂದು ಕಳಸಕ್ಕೆ ಹೊರಟಾಗ ಜೀಪಿನ ಹಿಂದೆ ನನ್ನ ಪೆಟ್ಟಿಗೆ ಒಂದೇ ಇತ್ತು. ದಾರಿಯುದ್ದಕ್ಕೂ ಟಯರಿನ ಮಾತು, ಯಾರೋ ತೋಟ ಮಾರಿದ ಮಾತು. ಟೀಚರಮ್ಮನ ಗೇಟಿನ ಹತ್ತಿರ ಜೀಪು ನಿಲ್ಲಿಸಿ, "ನೀವು ಹೋಗಿ ಬನ್ನಿ ಮೇಡಂ. ನಾನು ಇಲ್ಲೇ ಇರ್ತೀನಿ" ಎಂದರು. ಎಷ್ಟೋ ತಿಂಗಳ ಮೇಲೆ ಮತ್ತೆ ಮೇಡಂ. ಟೀಚರಮ್ಮ ಸೊಪ್ಪಿನವರಿಗೆ ಏನಾಯಿತು, ಮೈ ಹುಷಾರಿಲ್ಲವೇ ಎಂದು ಕೇಳಿದರು. ಸೊಂಟ ನೋವು ಎಂದೆ. ಗೂಡಿನ ಮುಂದೆ ನಿಂತಾಗ ಮೂರು ಮೊಲಗಳೂ ಬಂದು ಜಾಲರಿಗೆ ಮೂಗು ಒತ್ತಿದವು. ಮೊದಲು ನನ್ನ ಕೈ ನೋಡಿದವು.

ಪ್ರಬಂಧ ಒಪ್ಪಿಸಿದೆ. ಅದರಲ್ಲಿ ಕಾಕಾ ಇರುವುದು ಎರಡೇ ಶಬ್ದದಲ್ಲಿ: ಮಾನವ ಚಟುವಟಿಕೆ. "ಮಾನವ ಚಟುವಟಿಕೆಯಿಂದ ಮೇವಿನ ಮೂಲಕ ಸಾಗಣೆ." ಪರೀಕ್ಷಕರು ಆ ಭಾಗವನ್ನೇ ಹೊಗಳಿದರು. ಶಿವಮೊಗ್ಗದಲ್ಲಿ ಕೆಲಸ ಸಿಕ್ಕಿತು. ಫೋನ್ ಮಾಡಬೇಕು ಎಂದುಕೊಳ್ಳುತ್ತಲೇ ಹನ್ನೊಂದು ತಿಂಗಳು ಕಳೆದೆ. ಮಾಡಿ ಏನು ಹೇಳುವುದು? ಒಬ್ಬ ಮನುಷ್ಯನ ಕೈಯಿಂದ ಸೊಪ್ಪು ಕಿತ್ತುಕೊಂಡು ಪದವಿ ಪಡೆದೆ ಎನ್ನುವ ಯೋಚನೆ ಬಸ್ಸಿನಲ್ಲಿ, ತರಗತಿಯಲ್ಲಿ, ಎಲ್ಲೆಂದರಲ್ಲಿ ಏಳುತ್ತಿತ್ತು. ಎದ್ದಾಗಲೆಲ್ಲ ದಿನಚರಿಯ ಆ "ನಕ್ಕರು" ಎನ್ನುವ ಶಬ್ದವನ್ನು ಹಿಡಿದುಕೊಂಡು ಕೂರುತ್ತಿದ್ದೆ.

ಅವರು ತೀರಿಕೊಂಡ ಸುದ್ದಿ ಟೀಚರಮ್ಮನಿಂದ ಬಂತು. ಹೃದಯದ ತೊಂದರೆಯಂತೆ. ಮೂರು ದಿನ ಆಸ್ಪತ್ರೆಯಲ್ಲಿದ್ದರಂತೆ. ಸುದ್ದಿ ನನಗೆ ಮುಟ್ಟುವಾಗ ವಾರ ಕಳೆದಿತ್ತು.

ಮೂಡಿಗೆರೆಗೆ ಹೋದೆ. ಅವರ ಹೆಂಡತಿ ನನ್ನನ್ನು ಕೂರಿಸಿದರು. ಮೊಲ ನೋಡ್ತೀಯಾ ಎಂದು ಅವರೇ ಎದ್ದರು. ಶೆಡ್ಡಿನ ಬಾಗಿಲಲ್ಲಿ ಒಂದು ಜೊತೆ ಹಳೆಯ ಗಂಬೂಟು ಇತ್ತು. ಒಳಗೆ ಹೋಗುವಾಗ ಇದು, ಹೊರಗೆ ಬಂದರೆ ಚಪ್ಪಲಿ ಎಂದು ಒಂದು ವರ್ಷದಿಂದ ಹಟ ಹಿಡಿದಿದ್ದರಂತೆ. ಗೂಡಿನ ಅಡಿ ಖಾಲಿ ಇತ್ತು, ಸುಣ್ಣ ಬಿದ್ದಿತ್ತು. ಸೊಪ್ಪು ಶೆಡ್ಡಿನ ಹೊರಗೆ, ಬಟ್ಟೆ ಒಣಗಿಸುವ ಹಗ್ಗಕ್ಕೆ ತಲೆಕೆಳಗಾಗಿ ನೇತುಬಿದ್ದಿತ್ತು.

"ಇದು ಇಲ್ಲಿಯವಕ್ಕೆ ಮಾತ್ರ" ಎಂದರು ಆಕೆ. "ಹೊರಗೆ ಇಲ್ಲಿದು ಒಂದು ಎಲೆನೂ ಒಯ್ಯೋ ಹಾಗಿಲ್ಲ. ಹುಡುಗಿ ಓದಿ ಹೇಳಿದ್ದಾಳೆ ಅಂತ."

ಹಾಗಾದರೆ ಅವರು ಹೊರಗಿನ ಮೊಲಗಳ ಹತ್ತಿರ ಹೋಗುವುದನ್ನೇ ಬಿಟ್ಟರು ಎಂದು ತಿಳಿದೆ. ಕೇಳಲು ಧೈರ್ಯ ಸಾಲಲಿಲ್ಲ. ಅಲ್ಲಿಂದಲೇ ಕಳಸದ ಬಸ್ಸು ಹತ್ತಿದೆ.

ಟೀಚರಮ್ಮ ಅಂಗಳದಲ್ಲಿ ಕುರ್ಚಿ ಹಾಕಿದರು. ಕಾಕಾ ಆಮೇಲೆ ಒಮ್ಮೆಯಾದರೂ ಬಂದಿದ್ದರೇ ಎಂದು ಕೇಳಿದೆ. ಆಕೆ ನನ್ನನ್ನು ವಿಚಿತ್ರವಾಗಿ ನೋಡಿದರು.

"ಕಳಸಕ್ಕೆ ಬಾಡಿಗೆ ಬಂದಾಗೆಲ್ಲ ಬರ್ತಿದ್ರು. ಹೋದ ತಿಂಗಳೂ ಬಂದಿದ್ರಲ್ಲ. ನಿಮ್ಗೆ ಗೊತ್ತಿಲ್ವಾ?"

"ಬರಿಗೈಯಲ್ಲಿ?"

"ಅಯ್ಯೋ, ಅವ್ರಾ! ಗೇಟಿನ ಹತ್ರ ಜೀಪು ನಿಲ್ಸೋದು. ಅಲ್ಲಿ ನಲ್ಲಿಲಿ ಸೋಪು ಹಾಕಿ ಮೊಣಕೈ ತನಕ ಕೈ ತೊಳೆಯೋದು. ಆಮೇಲೆ ನಮ್ಮ ಬೇಲಿಯ ಹಾಲವಾಣದಿಂದ್ಲೇ ಸೊಪ್ಪು ಕೊಯ್ದು, ಕಟ್ಟು ಕಟ್ಕೊಂಡು, ದೂರದಿಂದ ತಂದೋರ ಹಾಗೆ ಗೇಟು ತೆಗ್ದು ಒಳಗೆ ಬರೋದು. ನಮ್ಮ ಸೊಪ್ಪನ್ನ ನಮ್ಗೇ ಕೊಡ್ತೀರಲ್ಲ ಕಾಕಾ ಅಂದ್ರೆ, ನಿಮ್ಗೆ ಯಾರು ಕೊಟ್ರು, ಮೊಲಕ್ಕೆ ಕೊಟ್ಟಿದ್ದು ಅನ್ನೋರು."

ನಾನು ನಕ್ಕೆ. ಅದು ನಗುವಾಗಿಯೇ ಉಳಿಯಲಿಲ್ಲ. ಟೀಚರಮ್ಮ ಒಳಗೆ ಹೋಗಿ ನೀರು ತಂದರು.

ನನ್ನ ಸಮಾಧಾನಕ್ಕೆ ಹೇಳಿದರೇ ಎಂದು ಬಸ್ಸಿನಲ್ಲಿ ಬರುವಾಗ ಯೋಚನೆ ಬಂತು. ಮಕ್ಕಳನ್ನು ಸಮಾಧಾನ ಮಾಡಿಯೇ ಮೂವತ್ತು ವರ್ಷ ಕಳೆದವರು. ಆದರೆ ಕೈ ತೊಳೆಯುವುದು ಮೊಣಕೈವರೆಗೆ ಎಂದು ಯಾರೂ ಸುಮ್ಮನೆ ಕಟ್ಟಿ ಹೇಳುವುದಿಲ್ಲ. ಅದು ನಾನು ಮಾಡುತ್ತಿದ್ದದ್ದು, ಗ್ಲೌಸ್ ಕಳಚಿದ ಮೇಲೆ. ಅವರು ತೊಟ್ಟು ಸೀಳುತ್ತಾ ನೋಡುತ್ತಿದ್ದರು ಎಂದಾಯಿತು. ನನಗೇಕೆ ಹೇಳಲಿಲ್ಲ? ಸಿಟ್ಟಿತ್ತೇ? ಹೇಳುವಂಥದ್ದೇನಿದೆ ಎಂದುಕೊಂಡರೇ? ಹನ್ನೊಂದು ತಿಂಗಳಲ್ಲಿ ಒಂದು ದಿನ ಫೋನ್ ಮಾಡಿದ್ದರೆ ಕೇಳಬಹುದಿತ್ತು. ಈ ಪ್ರಶ್ನೆಗೆ ಯಾವ ಸ್ಯಾಂಪಲ್ಲಿನಲ್ಲೂ ಉತ್ತರ ಇಲ್ಲ. ಅವರು ಗೊತ್ತಿಲ್ಲದೆ ಹಂಚಿದ ಆ ಕೆಂಪು ಬಗೆ ಮಾತ್ರ ಕೊಟ್ಟಿಗೆಹಾರದಲ್ಲಿ, ಬಾಳೆಹೊಳೆಯಲ್ಲಿ, ಕಳಸದಲ್ಲಿ ತಾಯಿಯಿಂದ ಮರಿಗೆ ದಾಟುತ್ತಾ, ಅಲ್ಲಲ್ಲಿ ಒಂದು ಅಕ್ಷರ ತಪ್ಪುತ್ತಾ, ಈಗಲೂ ಇರಬೇಕು. ಯಾರಿಗೂ ಏನೂ ಮಾಡದೆ.

ಟೀಚರಮ್ಮನ ಮನೆಯಿಂದ ಹೊರಡುವ ಮೊದಲು ಮಾಡಿದ್ದನ್ನು ಅಲ್ಲೇ, ಕುರ್ಚಿಯಲ್ಲಿ ಕೂತೇ, ದಿನಚರಿಯಲ್ಲಿ ಬರೆದುಕೊಂಡೆ. ಮುಂದೆ ನೆನಪು ಏನಾದರೂ ಬೇರೆ ಹೇಳೀತು ಎಂದು. ಇದ್ದ ಹಾಗೆ ನಕಲು ಮಾಡುತ್ತೇನೆ:

"ಕಳಸ. ಮೋಡ. ಗೇಟಿನ ನಲ್ಲಿಯಲ್ಲಿ ಕೈ ತೊಳೆದೆ, ಮೊಣಕೈವರೆಗೆ, ಸೋಪು ಹಾಕಿ. ಸೊಪ್ಪು ಅವರ ಬೇಲಿಯದೇ. ತೊಟ್ಟು ಸೀಳಲು ನನ್ನ ಉಗುರಿಗೆ ಆಗಲಿಲ್ಲ, ಹಲ್ಲಿನಿಂದ ಕಚ್ಚಿ ಸೀಳಿದೆ. ಮೂರು ಮೊಲ. ಮೂರೂ ಮೊದಲು ಕೈ ನೋಡಿದವು, ಆಮೇಲೆ ತಿಂದವು."